ನೋಡಲು ಬಂದವರು ನೋಡಲಿ

ಪರಿಚಿತರ ಮಗ, ಐಟಿ ಹುಡುಗ, ಹೊಸದಾಗಿ ಮದುವೆಯಾದವನು, ಹೆಂಡತಿಯ ಜೊತೆ ಮೊದಲ ಸಲ ದೆಹಲಿಗೆ ಹೊರಟಿದ್ದ. ಕೈಯಲ್ಲಿದ್ದದ್ದು ಒಂದು ಶನಿವಾರ, ಒಂದು ಭಾನುವಾರ. ಏನೇನು ನೋಡುತ್ತೀರಿ ಎಂದು ಕೇಳಿದ್ದಕ್ಕೆ, “ಟೂರಿಸ್ಟ್ ಜಾಗಕ್ಕೆಲ್ಲ ಹೋಗಲ್ಲ ಅಂಕಲ್. ಪ್ಲಾನ್ ಗೀನ್ ಏನೂ ಮಾಡಿಲ್ಲ. ಲೋಕಲ್ಸ್ ಥರ ಎರಡು ದಿನ ಸುಮ್ನೆ ಇದ್ದು ಬರ್ತೀವಿ” ಎಂದ. ಅವನೊಬ್ಬನ ಮಾತಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ನಾಲ್ಕು ಕಾಸು ಕೂಡಿರುವ, ನಾಲ್ಕು ಊರು ಸುತ್ತಿರುವ ಮಂದಿಯ ಬಾಯಲ್ಲೆಲ್ಲ ಈಗ ಇದೇ ಮಾತು. ಪ್ರವಾಸಕ್ಕೆ ಹೋಗುವುದು ಬೇಕು, ಪ್ರವಾಸಿಯಂತೆ ಕಾಣಿಸಿಕೊಳ್ಳುವುದಕ್ಕೆ ಮಾತ್ರ ನಾಚಿಕೆ.

ನನ್ನ ಪಕ್ಷವನ್ನು ಮೊದಲೇ ಹೇಳಿಬಿಡುತ್ತೇನೆ. ಎರಡು ದಿನಕ್ಕೆಂದು ದೊಡ್ಡ ನಗರಕ್ಕೆ ಹೋದವನು ಎಷ್ಟು ತಿಪ್ಪರಲಾಗ ಹಾಕಿದರೂ ಆ ಊರಿನವನಾಗುವುದಿಲ್ಲ. ಅವನು ಹೊರಗಿನವನು, ನೋಡಲು ಬಂದವನು. ಹಾಗಿದ್ದ ಮೇಲೆ ನಾಚದೆ ನೋಡಲಿ, ಚೆನ್ನಾಗಿ ನೋಡಲಿ. ಚೆನ್ನಾಗಿ ನೋಡಬೇಕಾದರೆ ಹೊರಡುವ ಮುಂಚೆಯೇ ಕೂತು ಯೋಚಿಸಿರಬೇಕು. ಆ ಯೋಚನೆ ಶುರುವಾಗಬೇಕಾದ್ದು ಊರಿನ ಪ್ರಸಿದ್ಧಿಯಿಂದಲ್ಲ, ಹೊರಗಿನವನಾದ ತನಗೆ ಆ ಊರಿನ ಯಾವ ಕಲ್ಲಿನೊಂದಿಗೆ ಏನು ನಂಟು ಎಂಬುದರಿಂದ.

ಅಷ್ಟಕ್ಕೂ ದೆಹಲಿಯವನು ಶನಿವಾರ ಏನು ಮಾಡುತ್ತಾನೆ? ವಾರದ ಬಟ್ಟೆ ಒಗೆಯಲು ಹಾಕುತ್ತಾನೆ, ಮಗಳನ್ನು ಟ್ಯೂಷನ್ನಿಗೆ ಬಿಟ್ಟು ಬರುತ್ತಾನೆ, ಕೂಲರ್ ರಿಪೇರಿಯವನಿಗೆ ಫೋನು ಮಾಡುತ್ತಾನೆ. ಐದೂವರೆ ಸಾವಿರ ರೂಪಾಯಿಯ ವಿಮಾನದ ಟಿಕೆಟ್ ತೆಗೆದು ಇದನ್ನು ಮಾಡಬೇಕಾಗಿಲ್ಲ, ಜಯನಗರದಲ್ಲೇ ಮಾಡಬಹುದು. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರನ್ನು ಕೇಳಿ ನೋಡಿ, ಸಿಟಿ ಮಾರ್ಕೆಟ್ಟಿನ ಪಕ್ಕದ ಟಿಪ್ಪು ಬೇಸಿಗೆ ಅರಮನೆಯ ಒಳಗೆ ಕಾಲಿಟ್ಟವರು ಎಷ್ಟು ಜನ ಸಿಗುತ್ತಾರೆ ಎಂದು. ಊರಿನಿಂದ ನೆಂಟರು ಬಂದಾಗ ಹೋಗಿದ್ದೆವು ಎನ್ನುವವರೇ ಹೆಚ್ಚು. ಊರಿನವನ ಕಣ್ಣಿಗೆ ಊರು ಕಾಣುವುದೇ ಕಡಿಮೆ. ಅವನ ಹಾಗೆ ಇದ್ದು ಬರುತ್ತೇನೆ ಎನ್ನುವುದು ಕಣ್ಣು ಮುಚ್ಚಿಕೊಂಡು ಬರುತ್ತೇನೆ ಎಂದ ಹಾಗಾಯಿತು.

ಇನ್ನು ಈ ‘ಲೋಕಲ್’ ಪ್ರವಾಸಿಗಳು ಕೊನೆಗೆ ಹೋಗಿ ಕೂರುವ ಜಾಗ ಯಾವುದು? ಹೌಜ್ ಖಾಸ್ ವಿಲೇಜಿನ ಮಹಡಿಯ ಮೇಲಿನ ಯಾವುದೋ ಕೆಫೆ. ಅಲ್ಲಿಂದ ಕೆಳಗೆ ಕಾಣುವ ಕೆರೆ, ಅಲ್ಲಾವುದ್ದೀನ್ ಖಿಲ್ಜಿ ತನ್ನ ಸಿರಿ ಕೋಟೆಯ ಊರಿಗೆ ನೀರಿಗಾಗಿ ತೋಡಿಸಿದ್ದು. ದಡದಲ್ಲಿರುವುದು ಫಿರೋಜ್ ಷಾ ತುಘಲಕ್ ಕಟ್ಟಿಸಿದ ಮದರಸಾ, ಮೂಲೆಯಲ್ಲಿ ಅವನದೇ ಗೋರಿ. ಇಷ್ಟನ್ನೂ ಬೆನ್ನ ಹಿಂದೆ ಇಟ್ಟುಕೊಂಡು ಇಂದಿರಾನಗರದಲ್ಲಿ ಸಿಗುವ ಪಾಸ್ತಾವನ್ನೇ ತಿಂದು ಎದ್ದು ಬರುತ್ತಾರೆ. ಅತ್ತ ನಿಜವಾದ ಲೋಕಲ್ಸ್ ಭಾನುವಾರ ಸಂಜೆ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಿರುತ್ತಾರೆ ಅಂದುಕೊಂಡಿರಿ? ಇಂಡಿಯಾ ಗೇಟಿಗೆ!

ಯೋಜನೆಯೇ ಬೇಡ, ಕಾಲು ಕರೆದೊಯ್ದಲ್ಲಿಗೆ ಹೋಗೋಣ ಎನ್ನುವವರ ವಾದ ಬೇರೆ. ಅದನ್ನು ನಾನು ಹಗುರವಾಗಿ ಕಾಣಲಾರೆ. ಗೊತ್ತುಗುರಿಯಿಲ್ಲದ ಅಲೆದಾಟದ ಸುಖ ಗೊತ್ತಿದ್ದವನಿಗೇ ಗೊತ್ತು. ಚಾಂದನಿ ಚೌಕದ ಹಿಂದಿನ ಗಲ್ಲಿಯಲ್ಲಿ ದಾರಿ ತಪ್ಪಿ, ಒಣಮೆಣಸಿನ ಘಾಟಿಗೆ ಸೀನುತ್ತ ಖಾರಿ ಬಾವಲಿಯ ಸಾಂಬಾರ ಮಂಡಿಗೆ ಬಂದು ಸೇರುವುದನ್ನು ಯಾವ ವೇಳಾಪಟ್ಟಿಯೂ ಕೊಡಲಾರದು. ತಿಂಗಳುಗಟ್ಟಲೆ ಇರುವವನಿಗೆ ಇದಕ್ಕಿಂತ ಒಳ್ಳೆಯ ಉಪದೇಶವಿಲ್ಲ. ಆದರೆ ಅಲೆದಾಟಕ್ಕೆ ಬಂಡವಾಳ ಸಮಯ, ಎರಡು ದಿನದವನ ಬಳಿ ಇಲ್ಲದೇ ಇರುವುದೂ ಅದೇ. ದೆಹಲಿಯಂತೂ ಇಂಥವನ ಮೇಲೆ ಒಂದಿಷ್ಟೂ ದಯೆ ತೋರುವ ಊರಲ್ಲ. ಸೋಮವಾರ ಕೆಂಪು ಕೋಟೆಗೆ ರಜೆ, ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ರಜೆ, ಕಮಲ ಮಂದಿರಕ್ಕೂ ಅಕ್ಷರಧಾಮಕ್ಕೂ ರಜೆ. ಆಗಸ್ಟ್ 15ರ ಮುಂಚಿನ ದಿನಗಳಲ್ಲಿ ಭದ್ರತೆಯ ಹೆಸರಿನಲ್ಲಿ ಕೆಂಪು ಕೋಟೆಗೆ ಜನರನ್ನು ಬಿಡುವುದೇ ಇಲ್ಲ. ಜನವರಿ 26ರ ತಾಲೀಮು ನಡೆಯುವಾಗ ಕರ್ತವ್ಯ ಪಥದ ಸುತ್ತಿನ ರಸ್ತೆಗಳು ಬಂದ್. ಮೇ ತಿಂಗಳ ಮಧ್ಯಾಹ್ನ ಕಲ್ಲು ಮುಟ್ಟಿದರೆ ಕೈ ಸುಡುತ್ತದೆ. ದೀಪಾವಳಿಯ ನಂತರ ಹೊಗೆ, ಡಿಸೆಂಬರ್ ಕೊನೆಗೆ ಮಂಜು, ಆ ಮಂಜಿನಲ್ಲಿ ವಿಮಾನ ಎಷ್ಟು ಹೊತ್ತಿಗೆ ಇಳಿಯುತ್ತದೋ ಪೈಲಟ್ಟಿಗೂ ಗೊತ್ತಿರುವುದಿಲ್ಲ. ಮುಚ್ಚಿದ ಗೇಟಿನ ಮುಂದೆ ನಿಂತು ಕಡಲೆಕಾಯಿ ತಿನ್ನುವುದನ್ನು ಅನಿರೀಕ್ಷಿತದ ಸುಖ ಎನ್ನಲು ನನಗೆ ಬಾಯಿ ಬಾರದು.

ಎಲ್ಲವನ್ನೂ ಯೂಟ್ಯೂಬಿನಲ್ಲೇ ನೋಡಬಹುದಲ್ಲ ಎನ್ನುವವರು ದಯವಿಟ್ಟು ಮನೆಯಲ್ಲೇ ಇರಲಿ, ಟಿಕೆಟ್ ಕೌಂಟರಿನ ಸಾಲು ಅಷ್ಟು ಗಿಡ್ಡವಾಗುತ್ತದೆ.

ಯೋಜನೆ ಎಂದರೆ ‘ದೆಹಲಿ ದರ್ಶನ’ದ ಬಸ್ಸು ಎಂದು ತಿಳಿಯಬೇಡಿ. ಬೆಳಿಗ್ಗೆ ಹತ್ತಿಸಿಕೊಂಡು, ಒಂದೊಂದು ಕಡೆ ಅರ್ಧ ಗಂಟೆ ಇಳಿಸಿ, ಬಿರ್ಲಾ ಮಂದಿರದಿಂದ ಕುತುಬ್‌ವರೆಗೆ ಒಂದೇ ದಿನದಲ್ಲಿ ಮುಗಿಸುವ ಆ ವ್ಯವಸ್ಥೆ, ಪಾಯಸ ಬಡಿಸುವ ಮುಂಚೆಯೇ ಎಲೆ ಎತ್ತುವ ಛತ್ರದ ಊಟ. ಕುತುಬ್‌ನಿಂದ ಕೆಂಪು ಕೋಟೆಗೆ ಹದಿನೈದು ಕಿಲೋಮೀಟರಿಗೂ ಹೆಚ್ಚು. ಎರಡನ್ನೂ ಒಂದೇ ಬೆಳಿಗ್ಗೆಗೆ ಸೇರಿಸಿದವನು ನೋಡುವುದು ರಿಂಗ್ ರೋಡಿನ ಸಿಗ್ನಲ್ಲುಗಳನ್ನು.

ಆದರೂ ಆ ಬಸ್ಸಿನಲ್ಲಿ ಕೂತವರನ್ನು ಕಂಡು ನಗುವವರ ಜೊತೆ ನಾನಿಲ್ಲ. ಅಲ್ಲೊಬ್ಬ ಚಿಕ್ಕಮಗಳೂರಿನ ಕಡೆಯ ಅಜ್ಜಿ ಕೂತಿರಬಹುದು. 1978ರ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಗೆ ವೋಟು ಹಾಕಿದವಳು. ಅವಳಿಗೆ ಕಮಾನು, ಗುಮ್ಮಟ ಯಾವುದೂ ಬೇಡ. ಸಫ್ದರ್‌ಜಂಗ್ ರಸ್ತೆಯ ಒಂದನೇ ನಂಬರಿನ ಮನೆ ಬೇಕು. ಇಂದಿರಾ ಕೊನೆಯ ಸಲ ನಡೆದುಹೋದ ಕಾಲುದಾರಿಯ ಮೇಲೆ ಗಾಜು ಹಾಸಿದ್ದಾರಲ್ಲ, ಅದರ ಪಕ್ಕದಲ್ಲಿ ಚಪ್ಪಲಿ ಬಿಟ್ಟು ನಿಲ್ಲಬೇಕು. ಮ್ಯಾನೇಜರು ‘ಲೇಟಾಯ್ತು ಬನ್ನಿ ಅಮ್ಮ’ ಎಂದು ಕೂಗಿದರೂ ಅವಳು ಕದಲುವುದಿಲ್ಲ. ಏನು ನೋಡಬೇಕೆಂದು ಈ ಅಜ್ಜಿಗೆ ಗೊತ್ತಿರುವಷ್ಟು ಸ್ಪಷ್ಟವಾಗಿ ಕೆಫೆಯ ಹುಡುಗರಿಗೆ ಗೊತ್ತಿಲ್ಲ. ಮಿಕ್ಕ ಒಂಬತ್ತು ಜಾಗಗಳನ್ನು ಬಿಟ್ಟು ಅವಳನ್ನು ಆ ಮನೆಯ ಅಂಗಳದಲ್ಲೇ ಅರ್ಧ ದಿನ ಬಿಡುವುದಿದ್ದರೆ ಅದಕ್ಕಿಂತ ಒಳ್ಳೆಯ ಪ್ರವಾಸ ಇರುತ್ತಿರಲಿಲ್ಲ.

ನಂಟು ಎಂದೆನಲ್ಲ, ಅದಕ್ಕೆ ನನ್ನ ಮೆಚ್ಚಿನ ಉದಾಹರಣೆಯೊಂದಿದೆ. ಕುತುಬ್ ಮಿನಾರಿನ ಆವರಣಕ್ಕೆ ಹೋದ ಕನ್ನಡಿಗರು ನೇರ ಮಿನಾರಿನ ಬುಡಕ್ಕೆ ನಡೆಯುತ್ತಾರೆ, ಕತ್ತೆತ್ತಿ ಎಪ್ಪತ್ಮೂರು ಮೀಟರನ್ನು ಅಳೆಯುತ್ತಾರೆ, ತುಕ್ಕು ಹಿಡಿಯದ ಕಬ್ಬಿಣದ ಕಂಬದ ಮುಂದೆ ಸೆಲ್ಫಿ ತೆಗೆದುಕೊಂಡು ಹೊರಟುಬಿಡುತ್ತಾರೆ. ಮಿನಾರಿನ ಮಗ್ಗುಲಲ್ಲೇ, ತೆಂಕಣ ದಿಕ್ಕಿನಲ್ಲಿ, ಕೆಂಪು ಕಲ್ಲಿಗೆ ಬಿಳಿ ಅಮೃತಶಿಲೆ ಕೂಡಿಸಿ ಕಟ್ಟಿದ ಚೌಕಾಕಾರದ ಒಂದು ದ್ವಾರಮಂಟಪವಿದೆ. ಹೆಸರು ಅಲಾಯಿ ದರ್ವಾಜಾ. ಕಟ್ಟಿಸಿದವನು ಅಲ್ಲಾವುದ್ದೀನ್ ಖಿಲ್ಜಿ, ವರ್ಷ 1311.

1311 ಎಂದರೆ ನಮ್ಮ ಶಾಲೆಯ ಪಾಠದಲ್ಲಿ ಓದಿದ ವರ್ಷ. ಇದೇ ಅಲ್ಲಾವುದ್ದೀನನ ದಂಡನಾಯಕ ಮಲಿಕ್ ಕಾಫರ್ ಇಂದಿನ ಹಳೇಬೀಡಾದ ದೋರಸಮುದ್ರದ ಮೇಲೆ ಬಿದ್ದದ್ದು, ಮೂರನೆಯ ವೀರಬಲ್ಲಾಳ ಭಂಡಾರ ತೆರೆದು ಸಂಧಿ ಮಾಡಿಕೊಂಡದ್ದು ಆ ವರ್ಷದ ಮೊದಲ ತಿಂಗಳುಗಳಲ್ಲಿ. ಅಲ್ಲಿಂದ ಮಧುರೆಗೂ ಹೋಗಿ, ಆನೆ, ಕುದುರೆ, ಚಿನ್ನ ಹೇರಿಕೊಂಡು ಅದೇ ವರ್ಷ ಕಾಫರ್ ದೆಹಲಿಗೆ ಮರಳಿದ. ಹಳೇಬೀಡಿನ ಹೊನ್ನೇ ಈ ಅಮೃತಶಿಲೆಯಾಯಿತು ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಲು ಆಧಾರ ಬೇಕು. ಆದರೆ ಹೊಯ್ಸಳೇಶ್ವರನ ಗುಡಿಯ ಹೊರಗೋಡೆಯ ಆನೆಸಾಲನ್ನು ಕೈಯಿಂದ ಸವರಿ ಬೆಳೆದವನೊಬ್ಬ ಈ ಬಾಗಿಲಲ್ಲಿ ನಿಂತಾಗ ಆಗುವ ಕಸಿವಿಸಿ, ದೆಹಲಿಯಲ್ಲೇ ಹುಟ್ಟಿದವನಿಗೆ ಆಗಲು ಸಾಧ್ಯವಿಲ್ಲ.

ಕಸಿವಿಸಿಯಲ್ಲೇ ನಿಲ್ಲಬೇಕಾಗಿಲ್ಲ. ಸ್ವಲ್ಪ ಹತ್ತಿರ ಹೋಗಿ ಕಮಾನನ್ನು ನೋಡಿ. ಅದಕ್ಕೂ ಮೊದಲು ಅದೇ ಆವರಣದ ಮಸೀದಿಯ ಅಂಗಳದಲ್ಲಿ ಕುತುಬುದ್ದೀನ್ ಐಬಕ್ ನಿಲ್ಲಿಸಿದ ಎತ್ತರದ ಕಮಾನಿನ ಗೋಡೆಯನ್ನು ನೋಡಿಕೊಂಡು ಬಂದಿರಬೇಕು. ಅಲ್ಲಿ ಕಲ್ಲುಗಳು ಅಡ್ಡಡ್ಡಲಾಗಿಯೇ ಕೂತಿವೆ. ಒಂದರ ಮೇಲೊಂದನ್ನು ತುಸುತುಸುವೇ ಮುಂದಕ್ಕೆ ಚಾಚಿ, ಮೇಲೆ ಎರಡೂ ಕಡೆಯವನ್ನು ಕೂಡಿಸಿ, ಕಮಾನಿನ ಆಕಾರಕ್ಕೆ ಕೆತ್ತಿದ್ದಾರೆ. ಕಟ್ಟಿಸಿದವನಿಗೆ ಬೇಕಾದ್ದು ಕಮಾನು, ಇಲ್ಲಿನ ಕಲ್ಲುಕುಟಿಗರಿಗೆ ಬರುತ್ತಿದ್ದದ್ದು ಗುಡಿ ಕಟ್ಟುವ ಕೆಲಸ. ಅಂಗಳದ ಸುತ್ತ ಇರುವ ಕಂಬಗಳೂ ಗುಡಿಗಳವೇ, ಇಪ್ಪತ್ತೇಳು ದೇವಾಲಯಗಳ ಸಾಮಗ್ರಿಯನ್ನು ಬಳಸಿದೆವೆಂದು ಅಲ್ಲಿನ ಬಾಗಿಲ ಶಾಸನವೇ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಸರಪಳಿಗೆ ತೂಗುವ ಗಂಟೆ ಕಂಬಗಳ ಮೇಲೆ ಹಾಗೇ ಇದೆ, ಮೂರ್ತಿಗಳ ಮುಖ ಮಾತ್ರ ಉಳಿದಿಲ್ಲ. ಅಲ್ಲಿಂದ ಅಲಾಯಿ ದರ್ವಾಜಾಕ್ಕೆ ಬನ್ನಿ. ನೂರು ವರ್ಷ ದಾಟಿದೆ. ಇಲ್ಲಿ ಕಲ್ಲುಗಳು ಅಡ್ಡಲಾಗಿಲ್ಲ, ಒಂದಕ್ಕೊಂದು ಒರಗಿ, ಕೇಂದ್ರದ ಕಡೆ ಮುಖ ಮಾಡಿ, ನಿಜವಾದ ಕಮಾನಾಗಿ ನಿಂತಿವೆ. ಅಂಚಿಗೆ ಮೊಗ್ಗಿನ ಸಾಲು. ಕಟ್ಟುವವರ ಕೈ ಹೊಸದೊಂದನ್ನು ಕಲಿತದ್ದನ್ನು ನೂರು ಹೆಜ್ಜೆಯೊಳಗೆ ಹೀಗೆ ಕಣ್ಣಾರೆ ಕಾಣಬಹುದಾದ ಜಾಗ ಈ ದೇಶದಲ್ಲಿ ಹೆಚ್ಚಿಲ್ಲ. ಉತ್ತರಕ್ಕೆ ತಿರುಗಿದರೆ ಅಲಾಯಿ ಮಿನಾರಿನ ಮೊಂಡು. ಕುತುಬ್‌ನ ಎರಡು ಪಟ್ಟು ಎತ್ತರ ಕಟ್ಟಿಸಬೇಕೆಂದು ಹೊರಟಿದ್ದ ಖಿಲ್ಜಿ 1316ರಲ್ಲಿ ತೀರಿಕೊಂಡ. ಮೊದಲ ಅಂತಸ್ತಿಗೇ ಕೆಲಸ ನಿಂತುಹೋಯಿತು. ಇಷ್ಟು ನೋಡಲು ಒಂದಿಡೀ ಬೆಳಿಗ್ಗೆ ಬೇಕು. ಕೆಂಪು ಕೋಟೆ ಆ ದಿನಕ್ಕೆ ತಪ್ಪಿದರೆ ತಪ್ಪಲಿ.

ಕಲ್ಲುಗಳನ್ನೇ ನೋಡುತ್ತ ಕೂತರೆ ಜನರನ್ನು ನೋಡುವುದು ಯಾವಾಗ, ಊರೆಂದರೆ ಬದುಕಿರುವವರಲ್ಲವೇ ಎಂದು ಕೇಳಬಹುದು. ‘ಲೋಕಲ್’ ವಾದದಲ್ಲಿ ತೂಕವಿರುವ ಮಾತು ಇದೊಂದೇ. ಅದಕ್ಕೆ ನನ್ನ ಉತ್ತರ, ಜನರನ್ನು ನೋಡುತ್ತೇನೆಂದು ಹೊರಟವನಿಗೆ ಜನ ಸಿಗುವುದಿಲ್ಲ, ಬೇರೇನನ್ನೋ ಹುಡುಕಿಕೊಂಡು ಹೋದವನಿಗೆ ಸಿಗುತ್ತಾರೆ. ಮಲಿಕ್ ಕಾಫರನ ಆ ದಂಡಯಾತ್ರೆಯನ್ನು ‘ಖಜಾಯಿನುಲ್ ಫುತೂಹ್’ ಎಂಬ ಪಾರ್ಸಿ ಗ್ರಂಥದಲ್ಲಿ ಸುಲ್ತಾನನ ಹೊಗಳಿಕೆಯೊಡನೆ ಬರೆದಿಟ್ಟವನು ಕವಿ ಅಮೀರ್ ಖುಸ್ರೋ. ಅವನ ಗೋರಿ ಇರುವುದು ನಿಜಾಮುದ್ದೀನ್ ಔಲಿಯಾರ ದರ್ಗಾದಲ್ಲಿ, ಗುರುವಿನ ಕಾಲ ಬುಡದಲ್ಲೇ. ದೋರಸಮುದ್ರದ ಜಾಡು ಹಿಡಿದು ಅಲ್ಲಿಗೆ ಹೊರಟವನು ಕಬಾಬಿನ ಹೊಗೆ, ಗುಲಾಬಿಯ ತಟ್ಟೆ ಮಾರುವವರು, ಚಪ್ಪಲಿ ಇಲ್ಲೇ ಬಿಡಿ ಎಂದು ತೋಳು ಹಿಡಿದೆಳೆಯುವ ಹುಡುಗರು, ಇವರೆಲ್ಲರ ನಡುವೆ ಒಬ್ಬರೇ ನುಸುಳಬಹುದಾದ ಗಲ್ಲಿ ದಾಟಿಯೇ ಹೋಗಬೇಕು. ಗುರುವಾರ ಸಂಜೆಯಾದರೆ ಖವಾಲಿ. ಮೊಣಕೈಗೆ ಮೊಣಕೈ ತಾಗಿಸಿ ನೆಲದ ಮೇಲೆ ಕೂತಾಗ ಪಕ್ಕದವರು ಎಲ್ಲಿಂದ ಬಂದಿರಿ ಎಂದು ಕೇಳದೆ ಬಿಡುವುದಿಲ್ಲ. ಕರ್ನಾಟಕ ಎಂದರೆ, ಮದ್ರಾಸಿನ ಪಕ್ಕವೇ ಎನ್ನುತ್ತಾರೆ.

ನಿಜಾಮುದ್ದೀನಿಗೆ ಹೋದವನು ಅದರ ಆಸುಪಾಸನ್ನೇ ಒಂದು ದಿನವನ್ನಾಗಿ ಮಾಡಿಕೊಳ್ಳಲಿ. ಬೆಳಿಗ್ಗೆ ಪುರಾಣಾ ಕಿಲಾ. ಅಲ್ಲಿನ ಷೇರ್ ಮಂಡಲ್ ಎಂಬ ಎರಡಂತಸ್ತಿನ ಎಂಟು ಮೂಲೆಯ ಕಟ್ಟಡದ ಮೆಟ್ಟಿಲಿನಿಂದ 1556ರ ಜನವರಿಯಲ್ಲಿ ಜಾರಿಬಿದ್ದು ಹುಮಾಯೂನ್ ಸತ್ತ. ಅಲ್ಲಿಂದ ಸುಮಾರು ಎರಡು ಕಿಲೋಮೀಟರಿನಲ್ಲಿ ಅವನ ಸಮಾಧಿ. ಸಮಾಧಿಗೆ ಹೋಗುವ ದಾರಿಯ ಬಲಕ್ಕೆ, ಅರ್ಧ ಜನ ತಿರುಗಿಯೂ ನೋಡದ ಈಸಾ ಖಾನನ ಗೋರಿ. ಹುಮಾಯೂನನನ್ನು ಹಿಂದೂಸ್ತಾನದಿಂದ ಓಡಿಸಿದ ಷೇರ್ ಷಾನ ಆಸ್ಥಾನದ ಸರದಾರ ಇವನು. ಬಾದಶಹನ ಸಮಾಧಿಗಿಂತ ಮೊದಲೇ ಬಂದು ಮಲಗಿದವನು. ಹಗೆಯವರ ಕಡೆಯವನನ್ನು ದಾಟಿಯೇ ಹುಮಾಯೂನನ ಹತ್ತಿರ ಹೋಗಬೇಕು. ಮೊಗಲರ ಕೊನೆಯ ಬಾದಶಹ ಬಹಾದೂರ್ ಷಾ ಜಫರ್ 1857ರಲ್ಲಿ ಬಚ್ಚಿಟ್ಟುಕೊಂಡು ಇಂಗ್ಲಿಷರ ಕೈಗೆ ಸಿಕ್ಕಿದ್ದೂ ಇಲ್ಲಿಯೇ. ವಂಶದ ಮೂರು ಶತಮಾನ ನಡಿಗೆಯ ದೂರದಲ್ಲಿ ಹರಡಿಕೊಂಡಿದೆ. ಆಟೋದವನ ಜೊತೆ ಮೀಟರಿಗಾಗಿ ಜಗಳವನ್ನೂ ಆಡಬೇಕಾಗಿಲ್ಲ.

ಇಷ್ಟೆಲ್ಲ ಕೇಳಿದ ಮೇಲೂ ಎಲ್ಲರೂ ಕೇಳುವ ಪ್ರಶ್ನೆಯೊಂದು ಉಳಿದಿರುತ್ತದೆ, ‘ಹಾಗಾದರೆ ಆಗ್ರಾ?’ ತಾಜ್ ಮಹಲ್ ನೋಡದವರಿಗೆ ಬೇಡ ಎನ್ನುವ ಎದೆಗಾರಿಕೆ ನನಗಿಲ್ಲ. ಶುಕ್ರವಾರ ಅದು ಮುಚ್ಚಿರುತ್ತದೆ, ಮಿಕ್ಕ ದಿನ ಹಜರತ್ ನಿಜಾಮುದ್ದೀನ್ ನಿಲ್ದಾಣದಿಂದ ಬೆಳಿಗ್ಗೆ ಗತಿಮಾನ್ ಎಕ್ಸ್‌ಪ್ರೆಸ್ ಹತ್ತಿದರೆ ನೂರು ನಿಮಿಷದಲ್ಲಿ ಆಗ್ರಾ. ಸಂಜೆಗೆ ಅದೇ ಗಾಡಿಯಲ್ಲಿ ವಾಪಸ್ಸು. ಆದರೆ ಅದಕ್ಕೆ ಒಂದು ದಿನ ಹೋಯಿತು ಎಂದು ಲೆಕ್ಕ ಬರೆದುಕೊಂಡು ದೆಹಲಿಗೆ ಉಳಿದ ಒಂದೇ ದಿನವನ್ನು ಕುತುಬ್‌ಗೋ ಹುಮಾಯೂನನಿಗೋ ಕೊಡಬೇಕು, ಇಬ್ಬರಿಗೂ ಹಂಚಬಾರದು. ಹುಮಾಯೂನನನ್ನು ಆರಿಸಿಕೊಂಡವರಿಗೆ ಒಂದು ಮಾತು. ದೆಹಲಿಯ ದಿನ ಮೊದಲು ಬರಲಿ, ಆಗ್ರಾ ಆಮೇಲೆ. ಹುಮಾಯೂನನ ಸಮಾಧಿ ತಾಜ್‌ಗಿಂತ ಅರವತ್ತು ವರ್ಷಕ್ಕೂ ಹೆಚ್ಚು ಹಳೆಯದು. ತೋಟದ ನಾಲ್ಕು ಪಾಲು, ಎತ್ತರದ ಜಗಲಿ, ನಡುವಿನ ಬಿಳಿ ಗುಮ್ಮಟ ಎಲ್ಲವೂ ಅಲ್ಲಿ ಆಗಲೇ ಇವೆ. ಅದನ್ನು ನೋಡಿ ಹೋದವನಿಗೆ ಷಹಜಹಾನನ ಕಡೆಯವರು ಏನನ್ನು ಉಳಿಸಿಕೊಂಡರು, ಏನನ್ನು ಬದಲಿಸಿದರು ಎಂಬುದು ಕಾಣುತ್ತದೆ. ತಾಜ್ ನೋಡಿಕೊಂಡು ಬಂದವರು ಹುಮಾಯೂನನ ಎದುರು ನಿಂತು, ‘ಇದು ಚಿಕ್ಕದು’ ಎಂದು ಹೇಳಿ ಟ್ಯಾಕ್ಸಿ ಹತ್ತುತ್ತಾರೆ.