ಕಿನ್ನರರ ಊರು ಮತ್ತು ಹಂಪೆಯ ಕಾಲುವೆ



ಮೊದಲು ಒಂದು ತಪ್ಪೊಪ್ಪಿಗೆ. ಈ ವರ್ಷದ ಪತ್ರಿಕೆಗೆ ಬರಹ ಕೇಳಿದಾಗ ನನ್ನ ತರಗತಿಯ ಒಬ್ಬ ಹುಡುಗಿ ಒಂದು ಕಥೆ ತಂದಿದ್ದಳು. ಅದು ಎಲ್ಫ್‌ಗಳ ಊರಿನ ಕಥೆ. ಬೆಳ್ಳಿ ಮಾಡಿನ ಮನೆಗಳು, ಬೀದಿ ತುಂಬಾ ದೀಪ. ಆದರೆ ಪ್ರತಿ ವರ್ಷ ಒಂದಷ್ಟು ಮನೆಯವರು ದೋಣಿ ಹತ್ತಿ ಹೊರಟುಹೋಗುತ್ತಾರೆ, ಅವರ ಮನೆಯ ದೀಪ ಆರಿಹೋಗುತ್ತದೆ. ಊರನ್ನು ಯಾರೂ ಮುತ್ತಿಗೆ ಹಾಕಿಲ್ಲ, ಬೆಂಕಿ ಹಚ್ಚಿಲ್ಲ. ಸುಮ್ಮನೆ ಒಂದೊಂದೇ ದೀಪ ಕಮ್ಮಿ ಆಗುತ್ತಾ ಹೋಗುತ್ತದೆ. ಅರ್ಧ ಪುಟ ಬರೆದಿದ್ದಳು. ಅಕ್ಷರ ಸೊಟ್ಟ, ಒತ್ತಕ್ಷರ ಅಲ್ಲಲ್ಲಿ ಮಾಯ. "ಅಂಕಲ್, ಎಲ್ಫ್‌ಗೆ ಕನ್ನಡದಲ್ಲಿ ಏನಂತಾರೆ?" ಅಂತ ಕೇಳಿದಳು.

ನಾನು ಏನು ಹೇಳಬೇಕಿತ್ತು? "ಬಾ, ಕೂತು ಯೋಚನೆ ಮಾಡೋಣ" ಅನ್ನಬೇಕಿತ್ತು. ನಾನು ಹೇಳಿದ್ದು ಇಷ್ಟು: "ಪುಟ್ಟಿ, ಇದು ಕನ್ನಡ ಪತ್ರಿಕೆ ಅಲ್ವಾ, ನಮ್ಮ ಸಂಸ್ಕೃತಿ ಬಗ್ಗೆ ಏನಾದ್ರೂ ಬರಿ." ಮುಂದಿನ ವಾರ ಆಕೆ 'ನನ್ನ ಮೆಚ್ಚಿನ ಹಬ್ಬ ದೀಪಾವಳಿ' ಅಂತ ಎಂಟು ಸಾಲು ಬರೆದು ಕೊಟ್ಟಳು. ಒಂದೂ ತಪ್ಪಿರಲಿಲ್ಲ. ಅದೇ ಎಂಟು ಸಾಲು ಹೋದ ವರ್ಷವೂ ಬಂದಿತ್ತು, ಅದರ ಹಿಂದಿನ ವರ್ಷವೂ ಬಂದಿತ್ತು, ಬೇರೆ ಬೇರೆ ಹೆಸರಿನಲ್ಲಿ.

ಆ ಹುಡುಗಿಗೆ ನಾನು ಮಾಡಿದ್ದು ತಪ್ಪು ಅಂತ ನನಗೆ ಅರ್ಥವಾಗಿದ್ದು ಡಿಸೆಂಬರ್ ರಜೆಯಲ್ಲಿ, ಹಂಪೆಯಲ್ಲಿ.

ಹಂಪೆ ಗೊತ್ತಲ್ಲ? ನಿಮ್ಮ ಅಪ್ಪ ಅಮ್ಮನನ್ನು ಕೇಳಿ ನೋಡಿ. "ಮುತ್ತು ರತ್ನಗಳನ್ನು ಬಳ್ಳದಲ್ಲಿ ಅಳೆದು ಮಾರುತ್ತಿದ್ದರು" ಅಂತ ತಕ್ಷಣ ಹೇಳುತ್ತಾರೆ. ನಾವೆಲ್ಲ ಶಾಲೆಯಲ್ಲಿ ಉರು ಹೊಡೆದ ಸಾಲು ಅದು. ಸುಮಾರು 1520ರಲ್ಲಿ, ಕೃಷ್ಣದೇವರಾಯ ಆಳುತ್ತಿದ್ದಾಗ, ಡೊಮಿಂಗೊ ಪಾಯಸ್ ಎಂಬ ಪೋರ್ಚುಗೀಸ್ ಪ್ರವಾಸಿ ಅಲ್ಲಿಗೆ ಬಂದಿದ್ದ. ಊರು ರೋಮ್ ನಗರದಷ್ಟು ದೊಡ್ಡದಾಗಿ ಕಾಣುತ್ತದೆ ಅಂತ ಬರೆದಿಟ್ಟ. ಅದಾಗಿ ಐವತ್ತು ವರ್ಷವೂ ಆಗಿರಲಿಲ್ಲ. 1565ರ ಜನವರಿಯಲ್ಲಿ ತಾಳಿಕೋಟೆ ಯುದ್ಧದಲ್ಲಿ ವಿಜಯನಗರ ಸೋತಿತು. ನಗರ ಸೂರೆಹೋಯಿತು. ರಾಜಧಾನಿ ಪೆನುಗೊಂಡೆಗೆ ಹೋಯಿತು, ಆಮೇಲೆ ಚಂದ್ರಗಿರಿಗೆ. ಹಂಪೆ ಮತ್ತೆ ರಾಜಧಾನಿ ಆಗಲೇ ಇಲ್ಲ. ಇವತ್ತಿಗೂ ನಮ್ಮ ಕಡೆ 'ಹಾಳು ಹಂಪೆ' ಅಂತಲೇ ಅನ್ನುತ್ತಾರೆ.

ಅಂದರೆ ಆ ಹುಡುಗಿ ಬರೆದ ಊರು ನಮ್ಮಲ್ಲೂ ಇತ್ತು. ನಾನು "ನಮ್ಮದಲ್ಲ" ಅಂದ ಕಥೆ ಪೂರ್ತಿ ನಮ್ಮದೇ ಆಗಿತ್ತು.

ನಾವು ಮೊದಲು ಹೋಗಿದ್ದು ಕಲ್ಲಿನ ರಥ ನೋಡಲು. ವಿಜಯವಿಠ್ಠಲ ದೇವಸ್ಥಾನದ ಮುಂದಿದೆ. ಐವತ್ತು ರೂಪಾಯಿಯ ಹೊಸ ನೋಟಿನ ಹಿಂದೆ ಇರುವುದೂ ಅದೇ. ಅಲ್ಲಿ ಒಂದೇ ರಶ್. ಎಲ್ಲರೂ ನೋಟು ಎತ್ತಿ ಹಿಡಿದು ರಥದ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾವೂ ತೆಗೆಸಿಕೊಂಡೆವು. ನನ್ನ ಮಗ ಕೇಳಿದ, "ಅಪ್ಪಾ, ಇದು ಓಡತ್ತಾ?" ಇಲ್ಲ ಮರಿ, ಇದು ರಥದ ಆಕಾರದಲ್ಲಿ ಕಟ್ಟಿದ ಗುಡಿ, ಓಡೋದಿಲ್ಲ ಅಂದೆ.

ಮಧ್ಯಾಹ್ನ ಬಿಸಿಲಿಗೆ ಸುಸ್ತಾಗಿ ಆಟೋದವರು ಒಂದು ಬಾಳೆ ತೋಟದ ಪಕ್ಕ ನಿಲ್ಲಿಸಿದರು. ಪಕ್ಕದಲ್ಲೇ ಒಂದು ಕಾಲುವೆ. ನೀರು ಜುಳುಜುಳು ಅಂತ ಹರಿಯುತ್ತಿತ್ತು. ಯಾರೋ ಎಮ್ಮೆ ಮೈ ತೊಳೆಯುತ್ತಿದ್ದರು. ಟಿಕೆಟ್ ಇಲ್ಲ, ಬೋರ್ಡ್ ಇಲ್ಲ, ಫೋಟೋ ತೆಗೆಯುವವರು ಯಾರೂ ಇಲ್ಲ. "ಇದು ತುರ್ತಾ ಕಾಲುವೆ ಸಾರ್, ರಾಯರ ಕಾಲದ್ದು" ಅಂದರು ಆಟೋದವರು. ನಾನು ಇಂಜಿನಿಯರು, ಸುಮ್ಮನೆ ನಂಬಲಿಲ್ಲ. ಆಮೇಲೆ ಓದಿ ನೋಡಿದೆ. ನಿಜ. ವಿಜಯನಗರದವರು ತುಂಗಭದ್ರೆಗೆ ಅಡ್ಡಲಾಗಿ ಕಲ್ಲಿನ ಒಡ್ಡು ಕಟ್ಟಿ ತೆಗೆದ ಕಾಲುವೆಗಳಲ್ಲಿ ಹಲವು ಇವತ್ತಿಗೂ ಗದ್ದೆ ತೋಟಗಳಿಗೆ ನೀರು ಕೊಡುತ್ತಿವೆ. ಅರಮನೆ ಹೋಯಿತು, ಬಜಾರು ಹೋಯಿತು, ಆನೆ ಕುದುರೆ ಎಲ್ಲ ಹೋಯಿತು. ಕಾಲುವೆ ಮಾತ್ರ ರಿಟೈರ್ ಆಗಿಲ್ಲ.

ಯಾಕೆ? ಕಾಲುವೆಯ ಕಲ್ಲು ರಥದ ಕಲ್ಲಿಗಿಂತ ಗಟ್ಟಿ ಅಂತೇನೂ ಅಲ್ಲ. ರಾಜ ಹೋದ ಮೇಲೂ ರೈತನಿಗೆ ನೀರು ಬೇಕಿತ್ತು. ಬೇಕಿದ್ದಕ್ಕೆ ಜನ ಹೂಳೆತ್ತಿದರು, ಒಡೆದ ಕಡೆ ರಿಪೇರಿ ಮಾಡಿದರು. ಹೂಳು ತೆಗೆಯದೆ ಬಿಟ್ಟರೆ ಎಂಥಾ ಕಾಲುವೆಯೂ ಮುಚ್ಚಿಹೋಗುತ್ತದೆ. ನನ್ನ ಕೆಲಸದಲ್ಲೂ ಹೀಗೇ. ದಿನಾ ಲಕ್ಷಾಂತರ ಜನ ಬಳಸುವ ಹಳೆಯ ಪ್ರೋಗ್ರಾಮು ಎಷ್ಟೇ ಹರಕು ತೇಪೆ ಇದ್ದರೂ ನಡೆಯುತ್ತಿರುತ್ತದೆ, ಯಾಕೆಂದರೆ ಕೆಟ್ಟ ದಿನವೇ ಯಾರಾದರೂ ಬೈದು ಸರಿ ಮಾಡಿಸುತ್ತಾರೆ. ಯಾರೂ ಬಳಸದ ಪ್ರೋಗ್ರಾಮು ಎಷ್ಟು ಚೆಂದವಾಗಿ ಬರೆದಿದ್ದರೂ ಎರಡು ವರ್ಷ ಬಿಟ್ಟು ನೋಡಿದರೆ ಓಡುವುದಿಲ್ಲ.

ಹಂಪೆಯಲ್ಲಿ ಇನ್ನೂ ಎರಡು ಉಳಿದಿವೆ. ಒಂದು, ವಿರೂಪಾಕ್ಷನ ಗುಡಿ. ಅಲ್ಲಿ ಈಗಲೂ ಪೂಜೆ ನಡೆಯುತ್ತದೆ, ತೇರು ಎಳೆಯುತ್ತಾರೆ. ಎರಡನೆಯದನ್ನು ನೋಡಲು ನೀವು ಹಂಪೆಗೇ ಹೋಗಬೇಕಿಲ್ಲ. ನಿಮ್ಮಲ್ಲಿ ಎಷ್ಟೋ ಜನ ಶನಿವಾರ ಸಂಗೀತ ಪಾಠಕ್ಕೆ ಹೋಗುತ್ತೀರಲ್ಲ, ಮಾಯಾಮಾಳವಗೌಳದಲ್ಲಿ ಸರಳೆ ವರಸೆ ಹೇಳುತ್ತೀರಲ್ಲ, ಆ ಪಾಠದ ಕ್ರಮ ಹಾಕಿಕೊಟ್ಟವರು ಪುರಂದರದಾಸರು ಅಂತ ಹೇಳುತ್ತಾರೆ. ಅವರು ಇದ್ದದ್ದು ಇದೇ ವಿಜಯನಗರದಲ್ಲಿ. ವಿಠ್ಠಲ ದೇವಸ್ಥಾನದ ಹತ್ತಿರ ಹೊಳೆ ದಂಡೆಯಲ್ಲಿ ಅವರ ಹೆಸರಿನ ಮಂಟಪ ಇದೆ. ನೂರಾರು ವರ್ಷ ಹಳೆಯ ಊರಿನ ಒಂದು ಚೂರು ನಿಮ್ಮ ಗಂಟಲಿನಲ್ಲಿ ಕೂತು ಲಾಸ್ ಆಲ್ಟೋಸ್‌ವರೆಗೆ ಬಂದಿದೆ. ಅದನ್ನು ಯಾವ ಸೈನ್ಯವೂ ಸೂರೆ ಮಾಡಲಾಗಲಿಲ್ಲ.

ಈಗ ನನ್ನ ಪ್ರಶ್ನೆ. ನಮ್ಮ ಮನೆಗಳಲ್ಲಿ ಕನ್ನಡ ಕಲ್ಲಿನ ರಥವೋ, ಕಾಲುವೆಯೋ?

ಅಪ್ಪ ಅಮ್ಮಂದಿರೇ, ಇದು ನಮಗೆ. ರಾಜ್ಯೋತ್ಸವದ ದಿನ ಮಕ್ಕಳಿಗೆ ಪಂಚೆ ಉಡಿಸಿ, ಸೀರೆ ಉಡಿಸಿ, ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟ ಮಾತನ್ನು ಬಾಯಿಪಾಠ ಮಾಡಿಸಿ ಸ್ಟೇಜಿಗೆ ಹತ್ತಿಸುತ್ತೇವೆ. ಚಪ್ಪಾಳೆ ಬೀಳುತ್ತದೆ, ವಿಡಿಯೋ ಊರಿಗೆ ಹೋಗುತ್ತದೆ. ವಾಪಸ್ ಬರುವಾಗ ಕಾರಿನಲ್ಲಿ ಏನು ಮಾತಾಡುತ್ತೇವೆ? ಇಂಗ್ಲಿಷ್. ನಾನೂ ಅಷ್ಟೆ. ರಥ ಚೆಂದ, ಅದು ಬೇಡ ಅನ್ನುತ್ತಿಲ್ಲ. ಆದರೆ ರಥದಿಂದ ಒಂದು ಬಾಳೆ ಗಿಡಕ್ಕೂ ನೀರು ಸಿಗುವುದಿಲ್ಲ.

"ಕನ್ನಡಕ್ಕೇನಾಗಿದೆ, ಊರಲ್ಲಿ ಕೋಟಿಗಟ್ಟಲೆ ಜನ ಮಾತಾಡುತ್ತಾರೆ" ಅಂತ ನೀವು ಹೇಳಬಹುದು. ಸರಿ. 2011ರ ಜನಗಣತಿಯಲ್ಲಿ ನಾಲ್ಕು ಕೋಟಿಗೂ ಹೆಚ್ಚು ಜನ ಕನ್ನಡ ತಮ್ಮ ಮಾತೃಭಾಷೆ ಅಂತ ಬರೆಸಿದ್ದಾರೆ. ಕನ್ನಡಕ್ಕೆ ಏನೂ ಆಗಿಲ್ಲ. ಆಗುತ್ತಿರುವುದು ನಮ್ಮ ಮನೆಗೆ. ಪ್ರತಿ ಮನೆಯೂ ಒಂದು ಸಣ್ಣ ಊರು ಅಂದುಕೊಳ್ಳಿ. ಅಲ್ಲಿ ಮಾತಾಡುವವರು ಮೂರೋ ನಾಲ್ಕೋ ಜನ. ಒಬ್ಬರು ನಿಲ್ಲಿಸಿದರೆ ಕಾಲುಭಾಗ ಊರು ಕತ್ತಲೆ.

ಒಂದು ಭಾಷೆಯ ಕೊನೆಯ ದೀಪ ಆರುವುದು ಹೇಗಿರುತ್ತದೆ ಅಂತ ನೋಡಲು ನಾವು ದೂರ ಹೋಗಬೇಕಿಲ್ಲ. ಇಲ್ಲಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ ಹೋದರೆ ಸಾನ್ ಹುವಾನ್ ಬೌಟಿಸ್ಟಾ ಸಿಗುತ್ತದೆ. ನಿಮ್ಮಲ್ಲಿ ಕೆಲವರು ನಾಲ್ಕನೇ ತರಗತಿಯ ಮಿಷನ್ ಪ್ರಾಜೆಕ್ಟಿಗೆ ಹೋಗಿರಬಹುದು. ಆ ಕಡೆಯ ಮೂಲ ನಿವಾಸಿಗಳ ಮಾತು ಮುತ್ಸುನ್. ಅದನ್ನು ಚೆನ್ನಾಗಿ ಬಲ್ಲ ಕೊನೆಯವರು ಅಸೆನ್ಸಿಯೋನ್ ಸೊಲೊರ್ಸಾನೊ ಎಂಬ ಅಜ್ಜಿ. 1930ರಲ್ಲಿ ತೀರಿಕೊಂಡರು. ಕೊನೆಗಾಲದಲ್ಲಿ ಹ್ಯಾರಿಂಗ್ಟನ್ ಎಂಬ ಭಾಷಾತಜ್ಞ ಅವರ ಹತ್ತಿರ ಕೂತು ಹೇಳಿದ್ದೆಲ್ಲ ಬರೆದುಕೊಂಡರು. ಇವತ್ತು ಆ ಬುಡಕಟ್ಟಿನವರು ಆ ಹಾಳೆಗಳನ್ನು ಹಿಡಿದುಕೊಂಡು, ಪದ ಪದ ಜೋಡಿಸಿ, ತಮ್ಮ ಭಾಷೆಯನ್ನು ಮತ್ತೆ ಕಲಿಯುತ್ತಿದ್ದಾರೆ. ಕೇಳಿ ಸರಿಪಡಿಸಿಕೊಳ್ಳೋಣ ಅಂದರೆ ಹುಟ್ಟಿನಿಂದ ಆ ಮಾತಾಡಿದ ಒಬ್ಬ ಅಜ್ಜಿಯೂ ಇಲ್ಲ. ನಮಗೆ ಅಜ್ಜಿಯರಿದ್ದಾರೆ. ವಾಟ್ಸಾಪಿನಲ್ಲಿ ಒಂದು ಬೆರಳಿನ ದೂರದಲ್ಲಿ.

ನನ್ನ ಅಮ್ಮ ಅರಸೀಕೆರೆಯಲ್ಲಿದ್ದಾರೆ. ಭಾನುವಾರ ಬೆಳಗ್ಗೆ ಕಾಲ್ ಮಾಡುತ್ತೇವೆ. ಮೊನ್ನೆ ಮೊನ್ನೆಯವರೆಗೆ ಮೊಮ್ಮಗನ ಜೊತೆ ಮಾತು ಹೀಗಿತ್ತು. "ಊಟ ಆಯ್ತಾ ಕಂದಾ?" "ಆಯ್ತು ಅಜ್ಜಿ." "ಸ್ಕೂಲು?" "ಚೆನ್ನಾಗಿದೆ." ಆಮೇಲೆ ಫೋನು ನನ್ನ ಕೈಗೆ. ಅಮ್ಮ ಏನೂ ಅನ್ನುತ್ತಿರಲಿಲ್ಲ. ಆದರೆ ಅವನು ಎದ್ದು ಹೋದ ಮೇಲೂ ಒಂದು ಕ್ಷಣ ಸ್ಕ್ರೀನಿನಲ್ಲಿ ಅವನು ಕೂತಿದ್ದ ಜಾಗವನ್ನೇ ನೋಡುತ್ತಿದ್ದರು.

ಹಂಪೆಯಿಂದ ಬಂದ ಮೇಲೆ ಒಂದು ಭಾನುವಾರ ಅವನು ತನ್ನ ಆಟದಲ್ಲಿನ ಡ್ರ್ಯಾಗನ್ ಬಗ್ಗೆ ಅಜ್ಜಿಗೆ ಹೇಳಲು ಶುರು ಮಾಡಿದ. "ಅಜ್ಜಿ, ಒಂದು ದೊಡ್ಡ ಹಾವು, ರೆಕ್ಕೆ ಇದೆ, ಬಾಯಲ್ಲಿ ಬೆಂಕಿ." "ಅಯ್ಯೋ, ಆಮೇಲೆ?" "ಅದರ ಎಗ್ ಇತ್ತು, ಎಗ್ ಈಗ..." ಸಿಕ್ಕಿಹಾಕಿಕೊಂಡ. ನನ್ನ ಕಡೆ ನೋಡಿದ. ನಾನು ಬಾಯಿ ಬಿಡುವಷ್ಟರಲ್ಲಿ ಅಮ್ಮನೇ, "ಮೊಟ್ಟೆ ಒಡೆದು ಮರಿ ಆಯ್ತಾ?" ಅಂದರು. "ಹೂಂ ಅಜ್ಜಿ! ಮೊಟ್ಟೆ ಒಡೆದು ಮರಿ ಆಯ್ತು!" ಅವತ್ತು ಇಬ್ಬರೂ ಇಪ್ಪತ್ತು ನಿಮಿಷ ಮಾತಾಡಿದರು. ಮುಂದಿನ ಭಾನುವಾರ ಅಮ್ಮ ನನ್ನನ್ನು ಹೇಗಿದ್ದೀಯ ಅಂತಲೂ ಕೇಳಲಿಲ್ಲ. "ಎಲ್ಲೋ ಅವನು? ಆ ಹಾವಿನ ಮರಿ ಏನಾಯ್ತು?"

ದೀಪಾವಳಿಯ ಎಂಟು ಸಾಲಿನಿಂದ ಇದು ಆಗುತ್ತಿರಲಿಲ್ಲ. ದೀಪಾವಳಿ ಅಜ್ಜಿಗೆ ಗೊತ್ತು. ಅಜ್ಜಿಗೆ ಗೊತ್ತಿಲ್ಲದ್ದು, ಮೊಮ್ಮಗನಿಗೆ ಹೇಳಲೇಬೇಕು ಅನಿಸಿದ್ದು, ಆ ಡ್ರ್ಯಾಗನ್.

"ಎಲ್ಫು, ಡ್ರ್ಯಾಗನ್ ಎಲ್ಲ ಹೊರಗಿನವು, ಕನ್ನಡ ಶಾಲೆ ಇರುವುದು ನಮ್ಮದನ್ನು ಕಲಿಸಲು" ಅಂತ ಕೆಲವರು ಹೇಳುತ್ತಾರೆ. ನಾನೂ ಹೇಳಿದ್ದೆನಲ್ಲ. ಆದರೆ ನಾವೆಲ್ಲ ಪ್ರೀತಿಯಿಂದ ಓದಿದ ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯ ಮೂಲ ಎಲ್ಲಿಯದು? ಬ್ರೌನಿಂಗ್ ಎಂಬ ಇಂಗ್ಲಿಷ್ ಕವಿಯ ಪದ್ಯ, ಅದರ ಊರು ಜರ್ಮನಿಯದು. ಕುವೆಂಪು ಅದನ್ನು ಕನ್ನಡದ ನೀರಿನಲ್ಲಿ ಅದ್ದಿ ತೆಗೆದರು, ಜೋಗಿ ನಮ್ಮವನೇ ಆಗಿಬಿಟ್ಟ. ಇನ್ನು ಎಲ್ಫ್‌ಗಳ ಕಥೆಗೆ ಹೆಸರಾದ ಟೋಲ್ಕಿನ್ ಆಕ್ಸ್‌ಫರ್ಡಿನ ಭಾಷಾ ಪ್ರೊಫೆಸರು. ಫಿನ್ನಿಶ್ ಭಾಷೆಗೆ ಮನಸೋತು, ಅದರ ಧಾಟಿ ಹಿಡಿದು ಎಲ್ಫ್‌ಗಳಿಗೆ ಒಂದು ಭಾಷೆಯನ್ನೇ ಕಟ್ಟಿದರು. ಇಲ್ಲದ ಊರಿನ ಇಲ್ಲದ ಜನರ ಭಾಷೆಯನ್ನು ಜನ ಆಸೆಪಟ್ಟು ಕಲಿಯುತ್ತಾರೆ. ಇರುವ ಊರಿನ ಇರುವ ಅಜ್ಜಿಯ ಭಾಷೆಗೆ ನಾವು ಹೋಮ್‌ವರ್ಕಿನ ಮುಖ ಮಾತ್ರ ತೋರಿಸಿದರೆ ಮಕ್ಕಳು ಯಾಕೆ ಬರುತ್ತಾರೆ?

ಹಾಗಾಗಿ ಮುಂದಿನ ವರ್ಷಕ್ಕೆ ನನ್ನ ಸಲಹೆ ಇದು. ಪತ್ರಿಕೆಯ ಅರ್ಧ ಪುಟಗಳು ಮಕ್ಕಳು ತಾವೇ ಕಟ್ಟಿದ ಕಥೆಗಳಿಗೆ ಇರಲಿ. ಎಲ್ಫ್ ಇರಲಿ, ರೋಬೋಟ್ ಇರಲಿ, ಸಾಕರ್ ಆಡುವ ಆನೆ ಇರಲಿ. ಕಾಗುಣಿತ ತಿದ್ದೋಣ, ಕಥೆ ತಿದ್ದುವುದು ಬೇಡ. ಅಪ್ಪ ಅಮ್ಮ ಬರೆದುಕೊಡುವುದಂತೂ ಬೇಡವೇ ಬೇಡ. ಎಂಟು ವರ್ಷದ ಮಗು 'ಸಾಂಸ್ಕೃತಿಕ ಪರಂಪರೆ' ಅಂತ ಬರೆದರೆ ಯಾರ ಕೈವಾಡ ಅಂತ ನಮಗೆ ಗೊತ್ತಾಗುತ್ತದೆ! ಮನೆಯಲ್ಲಿ ಮಗು ತಪ್ಪು ಕನ್ನಡದಲ್ಲಿ ಏನಾದರೂ ಹೇಳುತ್ತಿದ್ದರೆ ನಗಬೇಡಿ, ನಡುವೆ ತಡೆಯಬೇಡಿ. "ಆಮೇಲೆ?" ಅನ್ನಿ. ಹೂಳೆತ್ತುವ ಸಲಿಕೆ ಅದೇ.

ಮಕ್ಕಳೇ, ನಿಮಗೆ ಒಂದೇ ಮಾತು. ಕನ್ನಡ ಪದ ಸಿಗದಿದ್ದರೆ ನಿಲ್ಲಿಸಬೇಡಿ. ಇಂಗ್ಲಿಷ್ ಪದ ಹಾಕಿ ಮುಂದೆ ಹೋಗಿ, ಇಲ್ಲದಿದ್ದರೆ ಹೊಸದೊಂದು ಕಟ್ಟಿ. ನಮ್ಮ ಸಿಟಿ ಲೈಬ್ರರಿಯ ಪಕ್ಕ ಏಪ್ರಿಕಾಟ್ ತೋಟ ನೋಡಿದ್ದೀರಲ್ಲ? ಒಂದು ಕಾಲಕ್ಕೆ ಈ ಕಣಿವೆಯ ತುಂಬಾ ಅಂಥಾ ತೋಟಗಳೇ ಇದ್ದವು. ಈಗ ಉಳಿದಿರುವುದು ಸಣ್ಣ ತುಂಡು. ಆದರೂ ಬೇಸಿಗೆ ಬಂದರೆ ಆ ಮರಗಳು ಹಣ್ಣು ಬಿಡುತ್ತವೆ, ಯಾಕೆಂದರೆ ಯಾರೋ ನೋಡಿಕೊಳ್ಳುತ್ತಿದ್ದಾರೆ. ಸಣ್ಣದಾದರೂ ಹಣ್ಣು ಬಿಡುವ ತೋಟ ತೋಟವೇ.

ಕೊನೆಗೆ ಆ ಹುಡುಗಿಯ ವಿಷಯ. ಹೋದ ತಿಂಗಳು ಅವಳ ಹತ್ತಿರ ಹೋಗಿ ಸಾರಿ ಕೇಳಿದೆ. ಎಲ್ಫ್‌ಗೆ ಕನ್ನಡದಲ್ಲಿ 'ಕಿನ್ನರ' ಅನ್ನಬಹುದೇನೋ, ನಮ್ಮ ಪುರಾಣಗಳಲ್ಲಿ ಕಿನ್ನರರು ಹಾಡುವ ಜನ ಅಂತ ಹೇಳಿದೆ. ಸ್ವಲ್ಪ ಯೋಚಿಸಿ, "ಓಕೆ, ಹಾಡೋದು ಸೇರಿಸ್ತೀನಿ" ಅಂದಳು. "ದೋಣಿ ಹತ್ತಿ ಹೋದವರು ಎಲ್ಲಿಗೆ ಹೋದರು?" ಅಂತ ಕೇಳಿದೆ. ಕೇಳುವಾಗಲೇ ಎದೆ ಒಂಥರಾ ಆಯಿತು. ಊರು ಬಿಟ್ಟು ಹೊರಟವರು ನಾವೇ ಅಲ್ಲವೇ, ಅಪ್ಪ ಅಮ್ಮಂದಿರೇ?

"ಗೊತ್ತಿಲ್ಲ ಅಂಕಲ್, ಅದು ಪಾರ್ಟ್ ಟೂ" ಅಂದಳು. "ಇನ್ನೂ ಬರೆದಿಲ್ಲ."

ಅವಳ ಪಾರ್ಟ್ ಒನ್ ಇದೇ ಸಂಚಿಕೆಯಲ್ಲಿದೆ, ತಪ್ಪದೆ ಓದಿ. ಪಾರ್ಟ್ ಟೂ ಮುಂದಿನ ವರ್ಷಕ್ಕೆ ಬೇಕು. ಅವಳೊಬ್ಬಳದೇ ಅಲ್ಲ, ನಿಮ್ಮೆಲ್ಲರದ್ದೂ.