ಕಣ್ಣಿನ ಪೊರೆ: ಯಾವ ಆಪರೇಷನ್, ಯಾವ ಲೆನ್ಸ್?

“ಉಮ್ಮನ ಕಣ್ಣಿಗೆ ಪೊರೆ ಬಂದಿದೆ. ಒಬ್ಬ ಡಾಕ್ಟರು ಫೇಕೊ ಮಾಡಿಸಿ ಎನ್ನುತ್ತಾರೆ. ಶಿಬಿರದಲ್ಲಾದರೆ ಬೇರೆ ವಿಧಾನವಂತೆ, ಖರ್ಚಿಲ್ಲವಂತೆ. ಅಗ್ಗದ್ದು ಮಾಡಿಸಿದರೆ ಕಣ್ಣಿಗೆ ತೊಂದರೆಯಾದೀತೇ?”

ಈ ಪ್ರಶ್ನೆ ನಿಮ್ಮ ಮನೆಯಲ್ಲೂ ಎದ್ದಿರಬಹುದು. ಉತ್ತರ ಸಿಗದೆ, ‘ಹಣ ಕೂಡಿ ಬರಲಿ’ ಎಂದು ವರ್ಷಗಟ್ಟಲೆ ಮುಂದೂಡುವವರಿದ್ದಾರೆ. ಹೀಗೆ ಕಾಯುವವರಲ್ಲಿ ಹೆಚ್ಚಿನವರು ತಾಯಂದಿರು ಮತ್ತು ಅಜ್ಜಿಯಂದಿರು.

ಕಣ್ಣಿನ ಪಾಪೆಯ ಹಿಂದೆ ಇರುವ ಸ್ವಾಭಾವಿಕ ಮಸೂರ ಮಬ್ಬಾಗುವುದೇ ಪೊರೆ. ಇದನ್ನು ಕರಗಿಸುವ ಔಷಧವಿಲ್ಲ. ಮಬ್ಬಾದ ಮಸೂರವನ್ನು ತೆಗೆದು ಕೃತಕ ಲೆನ್ಸ್ ಕೂರಿಸುವುದೊಂದೇ ದಾರಿ. 1949ರಲ್ಲಿ ಲಂಡನ್ನಿನಲ್ಲಿ ಡಾ. ಹೆರಾಲ್ಡ್ ರಿಡ್ಲಿ ಮೊದಲ ಲೆನ್ಸ್ ಕೂರಿಸಿದರು. ಯುದ್ಧವಿಮಾನದ ಪ್ಲಾಸ್ಟಿಕ್ ಚೂರುಗಳು ಪೈಲಟ್‌ಗಳ ಕಣ್ಣಿನಲ್ಲಿ ಉಳಿದರೂ ಕಣ್ಣು ಕೆರಳದಿರುವುದನ್ನು ಅವರು ಗಮನಿಸಿದ್ದರು.

ಎರಡು ವಿಧಾನಗಳು

ಶಿಬಿರಗಳಲ್ಲಿ ಹೆಚ್ಚಾಗಿ ಮಾಡುವುದು ಎಸ್‌ಐಸಿಎಸ್. ಇದರಲ್ಲಿ ಬಿಳಿಗುಡ್ಡೆಯ ಅಂಚಿನಲ್ಲಿ ಸುಮಾರು 6-7 ಮಿಲಿಮೀಟರ್ ಅಗಲದ, ಸುರಂಗದಂಥ ಗಾಯ ಮಾಡಿ ಪೊರೆಯನ್ನು ಇಡಿಯಾಗಿ ಹೊರತೆಗೆಯುತ್ತಾರೆ. ಮಡಚಲಾಗದ ಗಟ್ಟಿ ಲೆನ್ಸ್ ಇಡುತ್ತಾರೆ. ಗಾಯ ಸಾಮಾನ್ಯವಾಗಿ ಹೊಲಿಗೆಯಿಲ್ಲದೆ ಮುಚ್ಚಿಕೊಳ್ಳುತ್ತದೆ.

ಫೇಕೊದಲ್ಲಿ ಗಾಯ 3 ಮಿಲಿಮೀಟರ್ ಅಥವಾ ಅದಕ್ಕೂ ಕಡಿಮೆ. ಪೊರೆಯನ್ನು ಪುಡಿಮಾಡಿ ಹೀರಿ ತೆಗೆದು, ಮಡಚಿದ ಲೆನ್ಸನ್ನು ತೂರಿಸುತ್ತಾರೆ. ಅದು ಒಳಗೆ ಬಿಚ್ಚಿಕೊಳ್ಳುತ್ತದೆ. ಜನ ಇದನ್ನು ‘ಲೇಸರ್ ಆಪರೇಷನ್’ ಎನ್ನುವುದುಂಟು. ಆದರೆ ಇಲ್ಲಿ ಕೆಲಸ ಮಾಡುವುದು ಶ್ರವಣಾತೀತ ಶಬ್ದತರಂಗ. ಗಾಯ ಬೇಗ ಮಾಯುತ್ತದೆ, ದೃಷ್ಟಿ ಬೇಗ ಸ್ಥಿರವಾಗುತ್ತದೆ. ಯಂತ್ರ ದುಬಾರಿಯಾದ್ದರಿಂದ ಖರ್ಚೂ ಹೆಚ್ಚು.

ಹಾಗಾದರೆ ಅಗ್ಗದ ವಿಧಾನ ಕೀಳೇ? ಅಲ್ಲ. ನೇಪಾಳದಲ್ಲಿ ಬಲಿತ ಪೊರೆಯ 108 ರೋಗಿಗಳ ಮೇಲೆ ನಡೆದ, 2007ರಲ್ಲಿ ಪ್ರಕಟವಾದ ಅಧ್ಯಯನವನ್ನು ನೋಡಿ. ಆರು ತಿಂಗಳ ನಂತರ ಎರಡೂ ಗುಂಪುಗಳಲ್ಲಿ ಶೇ. 98 ಮಂದಿಗೆ ಕನ್ನಡಕದೊಂದಿಗೆ ಉತ್ತಮ ದೃಷ್ಟಿ ಬಂದಿತ್ತು. ಎಸ್‌ಐಸಿಎಸ್‌ಗೆ ಬೇಕಾದ ಸಮಯವೂ ಖರ್ಚೂ ಕಡಿಮೆಯಾಗಿತ್ತು.

ಎರಡರಲ್ಲೂ ಮುಖ್ಯವಾದುದು, ಸ್ವಾಭಾವಿಕ ಮಸೂರದ ತೆಳು ಪೊರೆಚೀಲದೊಳಗೆ ಲೆನ್ಸ್ ಸರಿಯಾಗಿ ಕೂರುವುದು. ಕೆಲವೊಮ್ಮೆ ಈ ಚೀಲ ಹರಿಯುವುದುಂಟು. ಆಗ ಲೆನ್ಸನ್ನು ಬೇರೆ ಜಾಗದಲ್ಲಿ ಇಡಬೇಕಾಗುತ್ತದೆ. ಆದ್ದರಿಂದ ಯಂತ್ರಕ್ಕಿಂತ ವೈದ್ಯರ ಕೈಚಳಕ ದೊಡ್ಡದು.

ಲೆನ್ಸ್ ಆರಿಸುವಾಗ

ಸಾಮಾನ್ಯ ಲೆನ್ಸ್‌ನಿಂದ ದೂರದ್ದು ಸ್ಪಷ್ಟವಾಗಿ ಕಾಣುತ್ತದೆ. ಓದಲು, ಸೂಜಿಗೆ ದಾರ ಪೋಣಿಸಲು ಕನ್ನಡಕ ಬೇಕು. ಮಲ್ಟಿಫೋಕಲ್ ಲೆನ್ಸ್ ಕನ್ನಡಕದ ಅಗತ್ಯವನ್ನು ಕಡಿಮೆ ಮಾಡುತ್ತದೆ. ಆದರೆ ದುಬಾರಿ, ರಾತ್ರಿ ದೀಪಗಳ ಸುತ್ತ ಪ್ರಭೆ ಕಾಣಬಹುದು. ಮಧುಮೇಹದಿಂದ ಕಣ್ಣಿನ ಅಕ್ಷಿಪಟಲ ಹಾಳಾದವರಿಗೆ ಇದು ಸಾಮಾನ್ಯವಾಗಿ ಹೊಂದುವುದಿಲ್ಲ. ವಿದೇಶಿ ಲೆನ್ಸೇ ಬೇಕೆಂಬ ಹಟವೂ ಬೇಡ. ಮದುರೈಯ ಅರೋಲ್ಯಾಬ್ 1992ರಿಂದ ಕಡಿಮೆ ಬೆಲೆಗೆ ಲೆನ್ಸ್ ತಯಾರಿಸುತ್ತಿದ್ದು, ಅವು ಅನೇಕ ದೇಶಗಳಿಗೆ ಹೋಗುತ್ತವೆ.

ವೈದ್ಯರಲ್ಲಿ ಇಷ್ಟನ್ನು ಕೇಳಿ: ಈ ಕಣ್ಣಿಗೆ ಯಾವ ವಿಧಾನ ಹೊಂದುತ್ತದೆ? ಲೆನ್ಸಿನ ಪವರ್ ಅಳೆದಿದ್ದೀರಾ? ಸಕ್ಕರೆ, ರಕ್ತದೊತ್ತಡ ಹತೋಟಿಯಲ್ಲಿದೆಯೇ?

ತಡಮಾಡಬೇಡಿ

‘ಪೊರೆ ಹಣ್ಣಾಗಲಿ’ ಎಂದು ಕಾಯುವುದು ಹಳೆಯ ಕಾಲದ ಮಾತು. ತೀರಾ ಬಲಿತ ಪೊರೆಯಿಂದ ಕಣ್ಣಿನ ಒತ್ತಡ ಏರಿ ದೃಷ್ಟಿ ಶಾಶ್ವತವಾಗಿ ಹೋಗಬಹುದು. ಅದನ್ನು ಯಾವ ಲೆನ್ಸೂ ಮರಳಿ ತರದು. ಅಡುಗೆಮನೆಯಲ್ಲಿ ಕೈ ತಡವರಿಸುತ್ತಿದ್ದರೆ, ಕುರ್‌ಆನ್‌ನ ಅಕ್ಷರಗಳು ಮಸುಕಾಗುತ್ತಿದ್ದರೆ ಪರೀಕ್ಷೆ ಮಾಡಿಸಿ. ಸರಕಾರದ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಉಚಿತ ಶಸ್ತ್ರಚಿಕಿತ್ಸೆಯೂ ಇದೆ. ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ.

ಆಪರೇಷನ್ ನಂತರ ಕಣ್ಣು ಉಜ್ಜಬಾರದು, ಹನಿ ಔಷಧವನ್ನು ತಪ್ಪಿಸಬಾರದು. ವುಝೂ ಮಾಡುವಾಗ ಕಣ್ಣಿಗೆ ನೀರು ತಾಗದಂತೆ ನೋಡಿಕೊಳ್ಳಿ. ಸುಜೂದ್‌ಗೆ ಎಂದಿನಿಂದ ಬಾಗಬಹುದೆಂದು ವೈದ್ಯರನ್ನು ಕೇಳಿ. ಅಲ್ಲಿಯವರೆಗೆ ಕುಳಿತು ನಮಾಝ್ ಮಾಡಬಹುದು. ನೋವು, ಕೆಂಪು ಹೆಚ್ಚಾದರೆ ಅಥವಾ ದೃಷ್ಟಿ ಕುಂದಿದರೆ ಅಂದೇ ಆಸ್ಪತ್ರೆಗೆ ಹೋಗಿ.

ಮನೆಮಂದಿಗೆಲ್ಲ ಬಡಿಸಿ ಕೊನೆಗೆ ಉಣ್ಣುವ ತಾಯಿ, ತನ್ನ ಕಣ್ಣಿನ ಮಾತನ್ನೂ ಕೊನೆಗೇ ಎತ್ತುತ್ತಾಳೆ. ಈ ವಾರ ನೀವೇ ಮೊದಲು ಕೇಳಿ.