ಪೋಕರ್: ಕೌಶಲದ ಆಟವೇ ಇರಬಹುದು, ಆದರೆ ಸೋತವನ ಕೈಯಲ್ಲಿ ಆ ಕೌಶಲ ಉಳಿಯುತ್ತದೆಯೇ?

ಲೋಣಾವಳಾ: ಪೋಕರ್ ಬುದ್ಧಿವಂತರ ಆಟವೋ, ಜೂಜೋ? ದೇಶದ ಕೋರ್ಟ್‌ಗಳಲ್ಲಿ ವರ್ಷಗಳಿಂದ ನಡೆಯುತ್ತಿದ್ದ ಈ ವಾದಕ್ಕೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಬೇರೆಯದೇ ಉತ್ತರ ಕೊಟ್ಟಿತು. ಆನ್‌ಲೈನ್‌ನಲ್ಲಿ ಹಣ ಪಣಕ್ಕಿಟ್ಟು ಆಡುವುದಾದರೆ ಅದು ಕೌಶಲವೋ, ಅದೃಷ್ಟವೋ ಎಂಬ ಪ್ರಶ್ನೆಯೇ ಬೇಡ, ಅದು ನಿಷಿದ್ಧ ಎಂದಿತು ಹೊಸ ಕಾಯ್ದೆ. ಅದರ ಬೆನ್ನಲ್ಲೇ ದೊಡ್ಡ ಪೋಕರ್ ಆ್ಯಪ್‌ಗಳು ಹಣದ ಆಟ ನಿಲ್ಲಿಸಿದವು.

ಕಾಯ್ದೆ ಪ್ರಕಾರ ಇಂಥ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂ.ವರೆಗೆ ದಂಡ. ಜಾಹೀರಾತು ನೀಡಿದರೆ 2 ವರ್ಷದವರೆಗೆ ಜೈಲು, 50 ಲಕ್ಷ ರೂ.ವರೆಗೆ ದಂಡ. ಆಡುವವರಿಗೆ ಮಾತ್ರ ಶಿಕ್ಷೆ ಇಲ್ಲ. ಸುಮಾರು 45 ಕೋಟಿ ಜನ ವರ್ಷಕ್ಕೆ 20,000 ಕೋಟಿ ರೂ.ಗೂ ಹೆಚ್ಚು ಕಳೆದುಕೊಳ್ಳುತ್ತಿದ್ದಾರೆ ಎಂಬ ಅಂದಾಜನ್ನು ಸರ್ಕಾರ ಮುಂದಿಟ್ಟಿತ್ತು.

ಕರ್ನಾಟಕದಲ್ಲಿ ಏನಾಗಿತ್ತು?

ಈ ಚರ್ಚೆ ಕರ್ನಾಟಕಕ್ಕೆ ಹೊಸದಲ್ಲ. ಪೋಕರ್ ಅನ್ನು ಕೌಶಲದ ಆಟವಾಗಿ ಆಡುವುದಾದರೆ ಪರವಾನಗಿ ಬೇಕಿಲ್ಲ ಎಂದು ಹೈಕೋರ್ಟ್ 2013ರಲ್ಲೇ ಹೇಳಿತ್ತು. ಆನ್‌ಲೈನ್ ಹಣದಾಟ ತಡೆಯಲು ರಾಜ್ಯ ಸರ್ಕಾರ 2021ರಲ್ಲಿ ತಂದ ಪೊಲೀಸ್ ಕಾಯ್ದೆ ತಿದ್ದುಪಡಿಯ ಮುಖ್ಯ ಅಂಶಗಳು 2022ರ ಫೆಬ್ರವರಿ 14ರಂದು ಹೈಕೋರ್ಟ್‌ನಲ್ಲಿ ರದ್ದಾದವು. ಗುಜರಾತ್ ಹೈಕೋರ್ಟ್ 2017ರಲ್ಲಿ ಪೋಕರ್ ಜೂಜು ಎಂದಿತ್ತು. ಕೇಂದ್ರದ ಹೊಸ ಕಾಯ್ದೆಯನ್ನೂ ಮೊದಲು ಪ್ರಶ್ನಿಸಿದ್ದು ಕರ್ನಾಟಕ ಹೈಕೋರ್ಟ್‌ನಲ್ಲೇ. ನಂತರ ಈ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ತನ್ನ ಬಳಿಗೆ ವರ್ಗಾಯಿಸಿಕೊಂಡಿತು.

ಲೆಕ್ಕ ಗೊತ್ತಿದ್ದರೂ ಸೋಲುವುದೇಕೆ?

ಪೋಕರ್‌ನಲ್ಲಿ ಲೆಕ್ಕವಿದೆ, ನಿಜ. ಒಂದು ಉದಾಹರಣೆ ನೋಡಿ. ಮೇಜಿನ ಮೇಲೆ 1,000 ರೂ. ಇದೆ. ಎದುರಾಳಿ 500 ರೂ. ಹಾಕುತ್ತಾನೆ. ನೀವು ಮುಂದುವರಿಯಲು 500 ರೂ. ಹಾಕಬೇಕು, ಗೆದ್ದರೆ ಸಿಗುವುದು 1,500 ರೂ. ಅಂದರೆ ನಾಲ್ಕರಲ್ಲಿ ಒಂದು ಬಾರಿಯಾದರೂ ಗೆಲ್ಲುವ ಸಾಧ್ಯತೆ ಇರಬೇಕು. ನಿಮ್ಮ ಬಳಿ ಒಂದೇ ಬಣ್ಣದ ನಾಲ್ಕು ಎಲೆಗಳಿವೆ, ಐದನೆಯದು ಬರಬೇಕು, ತೆರೆಯುವುದು ಇನ್ನೊಂದೇ ಎಲೆ. ಕಾಣದ 46 ಎಲೆಗಳಲ್ಲಿ ನಿಮಗೆ ಬೇಕಾದವು 9 ಮಾತ್ರ. ಸಾಧ್ಯತೆ ಶೇ 20ಕ್ಕೂ ಕಡಿಮೆ. ಮುಂದೆ ಪಣ ಏರದಿದ್ದರೆ, ಹೀಗೆ ಹಣ ಹಾಕಿದ ಪ್ರತಿ ಸಲ ಸರಾಸರಿ 100 ರೂ.ಗೂ ಹೆಚ್ಚು ನಷ್ಟ. ಎಲೆ ಕೆಳಗಿಡುವುದೇ ಜಾಣತನ.

ಶಾಂತವಾಗಿದ್ದಾಗ ಇದು ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಹಿಂದಿನ ಆಟದಲ್ಲಿ ಎರಡು ಎಕ್ಕ ಹಿಡಿದೂ ಸೋತಿದ್ದರೆ? ಎರಡು ಎಕ್ಕ ಎರಡು ರಾಜರ ಎದುರು ಕೊನೆಯವರೆಗೆ ನಿಂತರೂ ಸುಮಾರು ಐದರಲ್ಲಿ ಒಂದು ಬಾರಿ ಸೋಲುತ್ತದೆ. ಅದು ಆಟದ ಸಹಜ ಗುಣ. ಆದರೆ ಸೋತವನಿಗೆ ಅದು ಅನ್ಯಾಯದಂತೆ ಕಾಣುತ್ತದೆ. ಸೋತ ಹಣ ವಾಪಸ್ ತೆಗೆಯುವ ಹಠ ಹುಟ್ಟುತ್ತದೆ. ಈ ಸ್ಥಿತಿಯನ್ನೇ ಪೋಕರ್ ಆಟಗಾರರು 'ಟಿಲ್ಟ್' ಎನ್ನುತ್ತಾರೆ.

ಇದು ದುರ್ಬಲರ ಕಾಯಿಲೆಯಷ್ಟೇ ಅಲ್ಲ. ನಷ್ಟದಲ್ಲಿರುವ ಮನುಷ್ಯ ಬೇರೆ ಸಮಯದಲ್ಲಿ ಒಪ್ಪದ ಅಪಾಯವನ್ನೂ ಒಪ್ಪುತ್ತಾನೆ ಎಂದು ಮನೋವಿಜ್ಞಾನಿಗಳಾದ ಡೇನಿಯಲ್ ಕಾನ್ಮನ್ ಮತ್ತು ಅಮೋಸ್ ಟ್ವರ್ಸ್ಕಿ 1979ರಲ್ಲೇ ತೋರಿಸಿದ್ದರು. ಧರ್ಮರಾಯ ಸೋತ ಮೇಲೂ ಪಣ ಏರಿಸುತ್ತಲೇ ಹೋದ ಕಥೆ ನಮಗೆ ಗೊತ್ತೇ ಇದೆ.

ಹಾಗಾಗಿ ವೃತ್ತಿಪರರು ಕೂರುವ ಮೊದಲೇ ನಷ್ಟದ ಮಿತಿ, ಏಳುವ ಸಮಯ ಎರಡನ್ನೂ ನಿಗದಿ ಮಾಡಿಕೊಳ್ಳುತ್ತಾರೆ. ಗೆದ್ದೆನೋ ಸೋತೆನೋ ಎನ್ನುವುದಕ್ಕಿಂತ ತೀರ್ಮಾನ ಸರಿಯಿತ್ತೇ ಎಂದು ನೋಡುತ್ತಾರೆ. ಆ್ಯಪ್‌ನಲ್ಲಿ ಈ ಶಿಸ್ತು ಇನ್ನೂ ಕಷ್ಟ. ಒಂದು ಆಟ ಮುಗಿಯುವಷ್ಟರಲ್ಲಿ ಮತ್ತೊಂದು ಸಿದ್ಧ, ಹಣ ತುಂಬಲು ಒಂದು ಯುಪಿಐ ಸಾಕು. ಎದ್ದು ಹೋಗಿ ಯೋಚಿಸಲು ಬಿಡುವೇ ಇಲ್ಲ. 'ಕೌಶಲದ ಆಟ' ಎಂಬ ವಾದ ಸೋಲುವುದು ಇಲ್ಲೇ: ಕೌಶಲ ಆಟದಲ್ಲಿದ್ದರೂ ಆ ಕ್ಷಣದಲ್ಲಿ ಆಟಗಾರನಲ್ಲಿ ಇರುವುದಿಲ್ಲ.

ಬಂಗಲೆಯ ಆಟಕ್ಕೆ ಬೇರೆ ಕಾನೂನು

ಆ್ಯಪ್ ಮುಚ್ಚಿದರೇನು, ವಾರಾಂತ್ಯಕ್ಕೆ ಬಂಗಲೆ ಹಿಡಿದು ಆಡಬಹುದಲ್ಲ ಎನ್ನುವವರು ಒಂದು ಎಚ್ಚರ ವಹಿಸಬೇಕು. ಮುಂಬೈ-ಪುಣೆ ನಡುವಿನ ಲೋಣಾವಳಾದಂಥ ಗಿರಿಧಾಮಗಳಲ್ಲಿ ಬಾಡಿಗೆ ಬಂಗಲೆಗಳಿಗೆ ಬರವಿಲ್ಲ. ಆದರೆ ಮಹಾರಾಷ್ಟ್ರದಲ್ಲಿ 1887ರ ಜೂಜು ತಡೆ ಕಾಯ್ದೆ ಈಗಲೂ ಇದೆ. ಅದು ಕೇವಲ ಕೌಶಲದ ಆಟಗಳಿಗೆ ವಿನಾಯಿತಿ ನೀಡುತ್ತದೆ ನಿಜ. ಆದರೆ ಲಾಭಕ್ಕಾಗಿ ಜೂಜಿನ ಜಾಗ ನಡೆಸಿದವರ ಜೊತೆಗೆ ಅಲ್ಲಿ ಆಡಲು ಬಂದವರಿಗೂ ಶಿಕ್ಷೆ ಇದೆ. ಕ್ಯಾಸಿನೊಗೆ ಅವಕಾಶ ನೀಡಬಹುದಾಗಿದ್ದ, ಆದರೆ ಎಂದೂ ಜಾರಿಯಾಗದ 1976ರ ಕಾಯ್ದೆಯನ್ನೂ ಆ ರಾಜ್ಯ 2023ರಲ್ಲಿ ರದ್ದುಪಡಿಸಿದೆ.

ಸ್ವಾಮಿ ಕುವಲಯಾನಂದರು ಉಸಿರು ಮತ್ತು ಮನಸ್ಸಿನ ಅಧ್ಯಯನಕ್ಕಾಗಿ 1924ರಲ್ಲಿ ಕೈವಲ್ಯಧಾಮ ಸ್ಥಾಪಿಸಿದ್ದೂ ಇದೇ ಲೋಣಾವಳಾದಲ್ಲಿ. ಆದರೆ ಸಾಲ ಮಾಡಿ ಆಡುವ ಹಂತ ತಲುಪಿದವರಿಗೆ ದೀರ್ಘ ಉಸಿರಷ್ಟೇ ಸಾಲದು. ಸೋಲನ್ನು ಮನೆಯವರಿಂದ ಮುಚ್ಚಿಡಲು ಶುರುಮಾಡಿದ್ದರೆ ಅದೇ ಮೊದಲ ಎಚ್ಚರಿಕೆ. ಬೆಂಗಳೂರಿನ ನಿಮ್ಹಾನ್ಸ್‌ನ ಶಟ್ ಕ್ಲಿನಿಕ್ ಆನ್‌ಲೈನ್ ಚಟಗಳಿಗೆ ಚಿಕಿತ್ಸೆ ನೀಡುತ್ತದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಕರೆ ಮಾಡಬಹುದು.